64 ಜನರ ಕೌಂಟಿ, 22 ಜನರ ಕೌಂಟಿ ಕೇಂದ್ರ: ಟೆಕ್ಸಸ್‌ನ ಮೆಂಟೋನ್ ಬಗ್ಗೆ ಗೊತ್ತಿದ್ದವರು ಹೇಳಿ

ತುಂಗಾತೀರ:
ಅಮೆರಿಕದ ಜನಗಣತಿ ಪಟ್ಟಿಯಲ್ಲಿ ಒಂದು ಸಾಲು ನೋಡಿ ತಲೆ ಕೆಟ್ಟಿದೆ. ಪಶ್ಚಿಮ ಟೆಕ್ಸಸ್‌ನಲ್ಲಿ ಲವಿಂಗ್ ಅಂತ ಒಂದು ಕೌಂಟಿ, ಅಂದ್ರೆ ನಮ್ಮ ಜಿಲ್ಲೆ ಥರ. 2020ರ ಗಣತಿ ಪ್ರಕಾರ ಇಡೀ ಕೌಂಟಿಯ ಜನಸಂಖ್ಯೆ 64. ಸಾವಿರ ಗೀವಿರ ಏನಿಲ್ಲ, ಬರೀ ಅರವತ್ನಾಲ್ಕು. ಅದರ ಆಡಳಿತ ಕೇಂದ್ರ ಮೆಂಟೋನ್, ಅಲ್ಲಿ ಇರೋದು 22 ಜನ. ವಿಸ್ತೀರ್ಣ ನೋಡಿದ್ರೆ 1,750 ಚದರ ಕಿ.ಮೀ. ಆಸುಪಾಸು, ಅಂದ್ರೆ ನಮ್ಮ ಹಳೇ ಬಿಬಿಎಂಪಿ ವ್ಯಾಪ್ತಿಯ ಎರಡು ಪಟ್ಟಿಗೂ ಜಾಸ್ತಿ.

ಇಷ್ಟು ಜನಕ್ಕೆ ಕೋರ್ಟು, ಕಚೇರಿ, ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಎಲ್ಲಾ ಇದೆಯಂತೆ. ಮೊದಲಿಗೆ ಇದು ಕೌಂಟಿ ಆಗಿದ್ದಾದರೂ ಹೇಗೆ? ಒಂದು ಕಾಲದಲ್ಲಿ ಜನ ಇದ್ದು ಆಮೇಲೆ ಊರು ಬಿಟ್ಟರಾ, ಇಲ್ಲಾ ಹುಟ್ಟಿದಾಗಿನಿಂದ ಹೀಗೇನಾ? ಅಮೆರಿಕದ ಅತಿ ಚಿಕ್ಕ ಕೌಂಟಿ ಕೇಂದ್ರ ಇದೇ ಅಂತ ಎಲ್ಲೋ ಓದಿದೆ. ಟೆಕ್ಸಸ್ ಕಡೆ ಇರೋರು ಯಾರಾದ್ರೂ ಹೋಗಿದ್ದೀರಾ?

ಬಯಲುಸೀಮಿ ಬಸ್ಯಾ:
ಅಲ್ರೀ, 64 ಮಂದಿ ಅಂದ್ರ ನಮ್ಮ ಕಡೆ ಮದುವಿ ಊಟದಾಗ ಮೊದಲ್ನೇ ಪಂಕ್ತಿನೂ ತುಂಬೂದಿಲ್ಲ. ಅದಕ್ಕೊಂದು ಜಿಲ್ಲಾ ಅಂತ ಮಾಡ್ಯಾರ ಅಂದ್ರ ಭಾಳ ರೊಕ್ಕ ಇರಬೇಕ ಅವರ ಕಡೆ.

ಪ್ಲೇನೋ ಪದ್ಮಕ್ಕ:
ಬಸ್ಯಾ, ನೀನು ತಮಾಷೆಗೆ ಹೇಳಿದ್ದೇ ನಿಜ ಕಣಪ್ಪ. ದುಡ್ಡಿದೆ. ನೆಲದಡಿ ಪೂರ್ತಿ ಎಣ್ಣೆ. ನಾವು ಪೆಕೋಸ್ ಕಡೆಯಿಂದ ಕಾರ್ಲ್ಸ್‌ಬ್ಯಾಡ್ ಗುಹೆ ನೋಡೋಕೆ ಹೋಗೋವಾಗ ಆ ದಾರಿ ಹಿಡಿದಿದ್ವಿ. ಊರು ಅಂತ ಇಳಿದು ನೋಡೋಕೆ ಏನೂ ಇಲ್ಲ. ಹಳದಿ ಇಟ್ಟಿಗೆಯ ಒಂದು ಪುಟ್ಟ ಕೋರ್ಟ್‌ಹೌಸ್, ಅದು 1935ರದ್ದು. ಆಮೇಲೆ ಒಂದಷ್ಟು ಟ್ರೇಲರ್ ಮನೆಗಳು, ಅಷ್ಟೇ. ಆದರೆ ರಸ್ತೆ ನೋಡಬೇಕು ನೀವು! ಹಿಂದೆ ಲಾರಿ, ಮುಂದೆ ಲಾರಿ. ಮರಳಿನ ಲಾರಿ, ನೀರಿನ ಲಾರಿ, ಪೈಪ್ ಹೊತ್ತ ಲಾರಿ. ನಮ್ಮ ಯಜಮಾನರು ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ, ಸ್ಟೇರಿಂಗ್ ಬಿಗಿಯಾಗಿ ಹಿಡಿದುಕೊಂಡು ಕೂತಿದ್ರು.

ಬೆಂಗ್ಳೂರ್ ಬಾಬು:
22 ಜನರ ಊರಲ್ಲಿ ಟ್ರಾಫಿಕ್ ಜಾಮಾ? ಸಿಲ್ಕ್ ಬೋರ್ಡ್‌ನ ಶಾಪ ಅಲ್ಲಿಗೂ ಹೋಗಿದೆ ಗುರು 😂

ಹಳೇ ದಫ್ತರ:
ಕಂದಾಯ ಇಲಾಖೆಯಲ್ಲಿ ತಲೆ ಬೆಳ್ಳಗಾದವನು ನಾನು. ಈ ಥರದ ವಿಷಯ ಸಿಕ್ಕರೆ ಬಿಡುವುದಿಲ್ಲ. ಇತಿಹಾಸ ಸ್ವಲ್ಪ ಉದ್ದವಿದೆ, ಸಮಾಧಾನದಿಂದ ಓದಿ.

ಒಲಿವರ್ ಲವಿಂಗ್ ಎಂಬ ದನದ ವ್ಯಾಪಾರಿಯ ಹೆಸರು ಈ ಕೌಂಟಿಗೆ. 1860ರ ದಶಕದಲ್ಲಿ ಚಾರ್ಲ್ಸ್ ಗುಡ್‌ನೈಟ್ ಎಂಬವನ ಜೊತೆ ಸೇರಿ ಟೆಕ್ಸಸ್‌ನಿಂದ ನ್ಯೂ ಮೆಕ್ಸಿಕೋಗೆ ದನದ ಮಂದೆ ಹೊಡೆದುಕೊಂಡು ಹೋಗುತ್ತಿದ್ದ. ಪೆಕೋಸ್ ನದಿಗುಂಟ ಸಾಗುವ ಆ ಹಾದಿಗೆ ಇಬ್ಬರ ಹೆಸರೂ ಉಳಿದಿದೆ. 1867ರಲ್ಲಿ ಇದೇ ನದಿಯ ದಡದಲ್ಲಿ ಕೊಮಾಂಚಿ ಯೋಧರ ದಾಳಿಯಲ್ಲಿ ಗಾಯಗೊಂಡ. ಗಾಯ ಕೊಳೆತು, ಫೋರ್ಟ್ ಸಮ್ನರ್‌ನಲ್ಲಿ ಸತ್ತ. ಅವನ ದೇಹವನ್ನು ಅಲ್ಲಿಂದ ಟೆಕ್ಸಸ್‌ನ ವೆದರ್‌ಫೋರ್ಡ್‌ಗೆ ಸಾಗಿಸಿ ಮಣ್ಣು ಮಾಡಿಸಿದವನು ಗುಡ್‌ನೈಟ್.

ಕೌಂಟಿಯ ಗಡಿ ಎಳೆದದ್ದು 1887ರಲ್ಲಿ, ಟಾಮ್ ಗ್ರೀನ್ ಕೌಂಟಿಯಿಂದ ಕತ್ತರಿಸಿ. ಆದರೆ ಟೆಕ್ಸಸ್‌ನಲ್ಲಿ ಗಡಿ ಎಳೆಯುವುದು ಒಂದು, ಕಚೇರಿ ತೆರೆದು ಚುನಾವಣೆ ನಡೆಸಿ ಆಡಳಿತ ಶುರುಮಾಡುವುದು ಇನ್ನೊಂದು. 1890ರ ಗಣತಿಯಲ್ಲಿ ಲವಿಂಗ್‌ನಲ್ಲಿ ಸಿಕ್ಕ ಜನ ಎಷ್ಟು ಗೊತ್ತೇ? ಮೂರು.

ಮೂರು ಜನರಿದ್ದ ಆ ಜಾಗಕ್ಕೆ 1893ರಲ್ಲಿ ಕೊಲರಾಡೋದ ಡೆನ್ವರ್‌ನಿಂದ ಒಂದು ನೀರಾವರಿ ಕಂಪನಿಯವರು ಬಂದರು. ಪೆಕೋಸ್ ನದಿಯಿಂದ ಕಾಲುವೆ ತೆಗೆಯುತ್ತೇವೆ, ನಮಗೆ ಸ್ವಂತ ಕೌಂಟಿ ಆಡಳಿತ ಬೇಕು ಎಂದು ಅರ್ಜಿ ಹಾಕಿದರು. ಅರ್ಜಿಯಲ್ಲಿ 150 ಹೆಸರು! ಜುಲೈನಲ್ಲಿ ಚುನಾವಣೆ ನಡೆದು 83 ಮತ ಬಿದ್ದವು. ಆಗ ಕಟ್ಟಿದ ಕೇಂದ್ರವೇ ಮೊದಲ ಮೆಂಟೋನ್, ಈಗಿನ ಊರಿಗಿಂತ ಸುಮಾರು 10 ಮೈಲಿ ಉತ್ತರಕ್ಕಿತ್ತು. ಕಾಲುವೆ ಕೆಲಸವನ್ನು ನದಿಯ ಪ್ರವಾಹ ಕೊಚ್ಚಿಹಾಕಿತು. ಅಧಿಕಾರ ಹಿಡಿದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. 1897ರಲ್ಲಿ ರಾಜ್ಯದ ಶಾಸನಸಭೆ ಆ ಆಡಳಿತವನ್ನೇ ರದ್ದು ಮಾಡಿ, ಪಕ್ಕದ ರೀವ್ಸ್ ಕೌಂಟಿಗೆ ಸೇರಿಸಿತು.

ಎರಡನೇ ಬಾರಿ ಆಡಳಿತ ಕೊಟ್ಟದ್ದು 1931ರಲ್ಲಿ. ಟೆಕ್ಸಸ್‌ನಲ್ಲಿ ಎರಡು ಸಲ ಸಂಘಟಿತವಾದ ಕೌಂಟಿ ಇದೊಂದೇ; ಆ ರಾಜ್ಯದ 254 ಕೌಂಟಿಗಳಲ್ಲಿ ಕೊನೆಗೆ ಆಡಳಿತ ಪಡೆದದ್ದೂ ಇದೇ.

ತುಂಗಾತೀರ:
ಸರ್, 3 ಜನ ಇದ್ದ ಕಡೆ 150 ಸಹಿ ಅಂದ್ರೆ ಪೂರ್ತಿ ಬೋಗಸ್ ತಾನೇ?

ಹಳೇ ದಫ್ತರ:
ಮೂರು ವರ್ಷದಲ್ಲಿ ಕಾಲುವೆ ಕೂಲಿಗಳು, ಸರ್ವೆಯವರು ಒಂದಷ್ಟು ಜನ ಬಂದಿರುತ್ತಾರೆ. ಆದರೂ ಆ ಪಟ್ಟಿ ಅಸಲಿ ಎಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. 1900ರ ಗಣತಿಯಲ್ಲಿ ಮತ್ತೆ ಸಿಕ್ಕಿದ್ದು 33 ಜನ ಮಾತ್ರ. ಸರ್ವಿಸ್‌ನಲ್ಲಿ ಇಂಥ ಅರ್ಜಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಂದೇ ಪೆನ್ನು, ಒಂದೇ ಶಾಯಿ, ಸಹಿ ಮಾತ್ರ ಐವತ್ತು.

ಕುಡ್ಲದ ಕೃಷ್ಣಣ್ಣ:
ಮಾರಾಯ್ರೆ, ಹೋಗ್ಲಿಕ್ಕೂ ಬರ್ಲಿಕ್ಕೂ ಏನೂ ಇಲ್ಲದ ಊರಿನ ಬಗ್ಗೆ ಇಷ್ಟು ದೊಡ್ಡ ಚರ್ಚೆಯಾ? ಆದ್ರೆ ಓದ್ಲಿಕ್ಕೆ ಮಜಾ ಉಂಟು. ಮುಂದುವರಿಸಿ.

ಪ್ರೇರಿ ಪಾಂಡು:
ಅತಿ ಚಿಕ್ಕ ಕೌಂಟಿ ಕೇಂದ್ರ ಮೆಂಟೋನ್ ಅನ್ನೋದು ತಪ್ಪು. ಎಲ್ಲಾ ವಿಡಿಯೋದವರೂ ಇದನ್ನೇ ಹೇಳಿ ಹೇಳಿ ಹರಡಿಸಿದ್ದಾರೆ. ಜನಸಂಖ್ಯೆಯಲ್ಲಿ ಅತಿ ಚಿಕ್ಕ ಕೌಂಟಿ ಲವಿಂಗ್, ಅದು ಸರಿ. ಕೇಂದ್ರದ ಲೆಕ್ಕಕ್ಕೆ ಬಂದರೆ ದಕ್ಷಿಣ ಡಕೋಟಾದ ಬಫಲೋ ಕೌಂಟಿಯ ಗ್ಯಾನ್ ವ್ಯಾಲಿ ಇನ್ನೂ ಚಿಕ್ಕದು, 2010ರಲ್ಲಿ ಅಲ್ಲಿದ್ದವರು 14 ಜನ. ನೆಬ್ರಾಸ್ಕಾದ ಬ್ರೂಸ್ಟರ್‌ನಲ್ಲಿ ಅದೇ ವರ್ಷ 17. ಆಗ ಮೆಂಟೋನ್‌ನಲ್ಲಿ 19. ಅಂದ್ರೆ ಮೆಂಟೋನ್ ಅವರಿಗಿಂತ ದೊಡ್ಡ ಪಟ್ಟಣ 😀

ಬೆಂಗ್ಳೂರ್ ಬಾಬು:
19 ಜನ ಇರೋದು 17 ಜನರ ಊರಿಗಿಂತ ದೊಡ್ಡ ಪಟ್ಟಣ. ಸರಿ ಸರ್. ಮೆಟ್ರೋ ಯಾವಾಗ?

ಪ್ರೇರಿ ಪಾಂಡು:
ನಗಬೇಡಿ ಬಾಬು. ಅಮೆರಿಕದ ನಡುನಾಡಿನಲ್ಲಿ ಈ ಥರದ ಕೇಂದ್ರಗಳು ಸಾಲುಸಾಲಾಗಿ ಇವೆ. ಒಂದು ಕೋರ್ಟ್‌ಹೌಸ್, ಪೋಸ್ಟ್ ಆಫೀಸು, ಧಾನ್ಯದ ಗೋಪುರ, ಮುಗೀತು.

ಇನ್ನೊಂದು ವಿಷಯ. ಹವಾಯಿಯಲ್ಲಿ ಕಲವಾವ್ ಅಂತ ಒಂದು ಕೌಂಟಿ ಇದೆ. ಹಿಂದೆ ಕುಷ್ಠರೋಗಿಗಳನ್ನು ಬಲವಂತವಾಗಿ ಇರಿಸುತ್ತಿದ್ದ ಜಾಗ. 2010ರಲ್ಲಿ ಅಲ್ಲಿ 90, ಲವಿಂಗ್‌ನಲ್ಲಿ 82. 2020ರಲ್ಲಿ ಅಲ್ಲಿ 82, ಲವಿಂಗ್‌ನಲ್ಲಿ 64. ಎರಡಕ್ಕೂ ಕೊನೆಯ ಸ್ಥಾನಕ್ಕೇ ಪೈಪೋಟಿ. ಆದರೆ ಕಲವಾವ್‌ಗೆ ಚುನಾಯಿತ ಸರ್ಕಾರ ಇಲ್ಲ, ಹವಾಯಿ ಆರೋಗ್ಯ ಇಲಾಖೆಯೇ ನೋಡಿಕೊಳ್ಳುತ್ತೆ. ಪೂರಾ ಚುನಾಯಿತ ಆಡಳಿತ ಇಟ್ಟುಕೊಂಡು ಇಷ್ಟು ಕಡಿಮೆ ಜನ ಇರೋದು ಲವಿಂಗ್‌ನಲ್ಲೇ.

ಪೆಕೋಸ್ ಪುಟ್ಟಸ್ವಾಮಿ:
ಈ ಥ್ರೆಡ್ ನನಗೋಸ್ಕರವೇ ಶುರು ಮಾಡಿದ ಹಾಗಿದೆ. ಡೆಲವೇರ್ ಬೇಸಿನ್‌ನಲ್ಲಿ ತೈಲಬಾವಿಗಳ ಕೆಲಸ ನನ್ನದು, ಮೆಂಟೋನ್ ದಾಟದ ವಾರ ಇಲ್ಲ. ಡೆಲವೇರ್ ಅಂದ ತಕ್ಷಣ ಪೂರ್ವ ತೀರದ ರಾಜ್ಯ ನೆನೆಸ್ಕೋಬೇಡಿ, ಇದು ಪರ್ಮಿಯನ್ ತೈಲಪ್ರದೇಶದ ಪಶ್ಚಿಮ ಭಾಗ.

ನಿಮ್ಮ ಪ್ರಶ್ನೆಗೆ ಉತ್ತರ: ಜನ ಬಂದಿದ್ರು, ಬಿಟ್ಟೂ ಹೋದ್ರು. 1920ರ ದಶಕದಲ್ಲಿ ಎಣ್ಣೆ ಸಿಕ್ತು. 1930ರ ಗಣತಿಯಲ್ಲಿ 195 ಇದ್ದದ್ದು, 1933ರ ಹೊತ್ತಿಗೆ 600ರ ಹತ್ತಿರ ಹೋಗಿತ್ತು ಅಂತಾರೆ. ಅಷ್ಟೇ, ಅದೇ ಶಿಖರ. 1940ರಲ್ಲಿ 285, 1950ರಲ್ಲಿ 227, 1960ರಲ್ಲಿ 226, 1970ರಲ್ಲಿ 164, 1980ರಲ್ಲಿ 91. ಆಮೇಲೆ ಏಳೋದು ಬೀಳೋದು: 107, 67, 82, 64.

ಯಾಕೆ ಇಳೀತು ಅಂದ್ರೆ, ಮೊದಲು ಬಾವಿ ತೋಡೋರು, ಪಂಪ್ ನೋಡಿಕೊಳ್ಳೋರು ಹೆಂಡತಿ ಮಕ್ಕಳ ಜೊತೆ ಬಾವಿ ಪಕ್ಕದ ಕ್ಯಾಂಪಲ್ಲೇ ಇರ್ತಿದ್ರು. ಡಾಂಬರು ರಸ್ತೆ, ಕಾರು ಬಂದಮೇಲೆ ಕರ್ಮಿಟ್, ಪೆಕೋಸ್ ಥರದ ಊರಲ್ಲಿ ಮನೆ ಮಾಡಿ ಓಡಾಡೋಕೆ ಶುರು ಮಾಡಿದ್ರು. 1950ರ ದಶಕದ ಬರಗಾಲ ದನ ಸಾಕೋರ ಸೊಂಟ ಮುರೀತು. 1972ರಲ್ಲಿ ಇಲ್ಲಿನ ಶಾಲೆ ಪಕ್ಕದ ಕೌಂಟಿಯ ವಿಂಕ್ ಶಾಲೆ ಜೊತೆ ವಿಲೀನ ಆಯ್ತು. ಶಾಲೆ ಇಲ್ಲದ ಕಡೆ ಮಕ್ಕಳಿರೋರು ಯಾರು ನಿಲ್ತಾರೆ ಹೇಳಿ?

ನೀರಿನ ಕಥೆ ಕೇಳಲೇಬೇಡಿ. ಪೆಕೋಸ್ ನದಿ ಪಕ್ಕದಲ್ಲೇ ಹರಿಯುತ್ತೆ, ಆದ್ರೆ ಉಪ್ಪು. 1980ರ ದಶಕದ ಕೊನೆ ತನಕ ಊರಿಗೆ ಸ್ವಂತ ನೀರಿನ ವ್ಯವಸ್ಥೆಯೇ ಇರಲಿಲ್ಲ, ಹೊರಗಿನಿಂದ ತಂದು ತುಂಬಿಸ್ಕೋತಿದ್ರು.

ಪ್ಲೇನೋ ಪದ್ಮಕ್ಕ:
ಪುಟ್ಟಸ್ವಾಮಿ, ಅಲ್ಲಿ ಒಂದು ಮರದ ಚಿಕ್ಕ ಚರ್ಚ್ ಇತ್ತಲ್ಲ, ಅದು ಹಳೇದಾ? ಫೋಟೋ ತೆಗೆದಿದ್ದೆ, ಬೋರ್ಡ್ ಓದೋಕೆ ಇವರು ಗಾಡಿ ನಿಲ್ಲಿಸಲಿಲ್ಲ.

ಪೆಕೋಸ್ ಪುಟ್ಟಸ್ವಾಮಿ:
ಕೌಂಟಿಯಲ್ಲೇ ಹಳೇ ಕಟ್ಟಡ ಅದು, ಅಕ್ಕ. 1910ರಲ್ಲಿ ಪೋರ್ಟರ್‌ವಿಲ್ ಅನ್ನೋ ಬೇರೆ ಊರಲ್ಲಿ ಕಟ್ಟಿದ್ದು. 1930ರಲ್ಲಿ ಪೆಕೋಸ್ ನದಿ ಉಕ್ಕಿ ಪೋರ್ಟರ್‌ವಿಲ್ ಮುಗೀತು, ಜನ ಮೆಂಟೋನ್‌ಗೆ ಬಂದ್ರು. ಚರ್ಚನ್ನೂ ಹೊತ್ಕೊಂಡೇ ಬಂದ್ರು.

ಶಿರಸಿ ಸೀಮೆ:
ನಮ್ಮ ಉತ್ತರ ಕನ್ನಡದಲ್ಲಿ ಇದರ ಉಲ್ಟಾ ಕಥೆ ಇದ್ದು. ಸೂಪಾ ತಾಲ್ಲೂಕು ಕೇಂದ್ರ ಕಾಳಿ ನದಿ ದಂಡೆ ಮೇಲೆ ಇತ್ತು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಆಣೆಕಟ್ಟು ಬಂತು, ಸೂಪಾ ಊರು ಹಿನ್ನೀರಲ್ಲಿ ಮುಳುಗಿ ಹೋತು. ಕಚೇರಿಯೆಲ್ಲ ಜೋಯಿಡಾಕ್ಕೆ ಎತ್ತಂಗಡಿ. ನಿರಾಶ್ರಿತರು ಸುಮಾರು ಜನ ರಾಮನಗರಕ್ಕೆ ಹೋದರು. ಆ ಮೆಂಟೋನ್ ಜನಕ್ಕೆ ಚರ್ಚಾದರೂ ಹೊತ್ತು ತಪ್ಪುಲೆ ಆತು. 2011ರ ಗಣತಿ ಪುಸ್ತಕದಲ್ಲೂ ತಾಲ್ಲೂಕಿನ ಹೆಸರು ಸೂಪಾ ಹೇಳಿಯೇ ಇದ್ದು, ನೀರಡಿಗಿರೋ ಊರಿನ ಹೆಸರಲ್ಲಿ.

ಬಯಲುಸೀಮಿ ಬಸ್ಯಾ:
ಜೋಯಿಡಾನೂ ಏನ್ ದೊಡ್ಡ ಪ್ಯಾಟಿ ಅಲ್ಲ ಬಿಡ್ರಿ. ಉಳವಿ ಜಾತ್ರಿಗೆ ಹೋಗಾಗ ದಾಟೀವಿ. ಕಣ್ಣು ಪಿಳುಕಿಸೂದ್ರಾಗ ಮುಗೀತು.

ಶಿರಸಿ ಸೀಮೆ:
ಅದಾದರೂ ಒಂದು ತಾಲ್ಲೂಕಿನಷ್ಟು ಹಳ್ಳಿಗಳಿಗೆ ಕೇಂದ್ರ ಬಸಣ್ಣ. ಪಹಣಿ, ರೇಷನ್ ಕಾರ್ಡು, ದವಾಖಾನೆ ಎಲ್ಲದಕ್ಕೂ ಜನ ಅಲ್ಲಿಗೇ ಬರವು. ಮೆಂಟೋನ್ ಕೋರ್ಟ್‌ಹೌಸಿಗೆ ಯಾರು ಬರ್ತ?

ಪೆಕೋಸ್ ಪುಟ್ಟಸ್ವಾಮಿ:
ಕೇಳಿದ್ದು ಒಳ್ಳೇದಾಯ್ತು. ಬರೋರು ಅಲ್ಲಿನ ಜನ ಅಲ್ಲ, ತೈಲ ಕಂಪನಿಗಳ ಏಜೆಂಟ್‌ಗಳು. ಲ್ಯಾಂಡ್‌ಮ್ಯಾನ್ ಅಂತ ಕರೀತಾರೆ. ಟೆಕ್ಸಸ್‌ನಲ್ಲಿ ನೆಲದ ಮೇಲಿನ ಹಕ್ಕು ಬೇರೆ, ನೆಲದಡಿಯ ಖನಿಜದ ಹಕ್ಕು ಬೇರೆ. ನೂರು ವರ್ಷದ ಹಿಂದೆ ಅಜ್ಜ ಜಮೀನು ಮಾರಿ ಖನಿಜದ ಅರ್ಧ ಪಾಲು ತನಗೇ ಇಟ್ಕೊಂಡಿರ್ತಾನೆ, ಆಮೇಲೆ ಅದು ಮಕ್ಕಳು ಮೊಮ್ಮಕ್ಕಳಿಗೆ ಹರಿದು ಹಂಚಿ ಹೋಗಿರುತ್ತೆ. ಬಾವಿ ತೋಡೋಕೆ ಮುಂಚೆ ಯಾರ ಪಾಲು ಎಷ್ಟು ಅಂತ ಕೌಂಟಿ ಕ್ಲರ್ಕ್ ಕಚೇರಿಯ ಹಳೇ ದಸ್ತಾವೇಜು ತೆಗೆದು ವಂಶವೃಕ್ಷ ಬಿಡಿಸ್ತಾ ಕೂರಬೇಕು. ಎಣ್ಣೆ ಬೆಲೆ ಏರಿದಾಗ ಆ ಕಚೇರಿಯಲ್ಲಿ ಕೂರೋಕೆ ಜಾಗ ಸಿಗಲ್ಲ.

ಹಳೇ ದಫ್ತರ:
ಅಂದರೆ ಅದು ಸಬ್‌ರಿಜಿಸ್ಟ್ರಾರ್ ಕಚೇರಿ, ಸುತ್ತಲೂ ಹೆಸರಿಗೊಂದು ಊರು. ಈಗ ಅರ್ಥವಾಯಿತು.

ಬೆಂಗ್ಳೂರ್ ಬಾಬು:
ನಮ್ಮ ಸೈಟಲ್ಲಿ ಬೋರ್ ಹಾಕ್ಸಿದಾಗ ನೀರೇ ಬರಲಿಲ್ಲ, ಇವರಿಗೆ ಎಣ್ಣೆ. ಇಲ್ಲಿ ಬಂದಿದ್ರೂ ಸರ್ಕಾರ ತಗೊಂಡು ಹೋಗ್ತಿತ್ತು ಬಿಡಿ.

ತುಂಗಾತೀರ:
ಪಕ್ಕದ ಕೌಂಟಿಗೆ ಸೇರಿಸಿಬಿಟ್ರೆ ಖರ್ಚು ಉಳಿಯಲ್ವಾ? 64 ಜನಕ್ಕೆ ಜಡ್ಜ್, ಶೆರಿಫ್, ನಾಲ್ಕು ಕಮಿಷನರ್‌ಗಳು...

ಹಳೇ ದಫ್ತರ:
ಗಡಿ ಬದಲಿಸಬೇಕಾದರೆ ಅಲ್ಲಿನ ಮತದಾರರು ಒಪ್ಪಬೇಕು. ಯಾಕೆ ಒಪ್ಪುತ್ತಾರೆ? ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಕೌಂಟಿಗಳು ಬದುಕುವುದು ಆಸ್ತಿ ತೆರಿಗೆ ಮೇಲೆ. ನೆಲದಡಿಯ ಎಣ್ಣೆ, ಅನಿಲವೂ ಅಲ್ಲಿ ತೆರಿಗೆ ಬೀಳುವ ಆಸ್ತಿ. ತೆರಿಗೆ ಕಟ್ಟುವವರು ಹೊರಗಿನ ಕಂಪನಿಗಳು, ಖರ್ಚು ತೀರ್ಮಾನಿಸುವವರು ಅರವತ್ತು ಚಿಲ್ಲರೆ ಜನ. ಬಡ ಕೌಂಟಿಯಾಗಿದ್ದರೆ ಎಂದೋ ವಿಲೀನದ ಮಾತು ಬರುತ್ತಿತ್ತು.

ಮತ್ತೆ, ಎಲ್ಲ ಹುದ್ದೆಗೂ ಬೇರೆ ಬೇರೆ ಜನ ಬೇಕಿಲ್ಲ. 10,000ಕ್ಕಿಂತ ಕಡಿಮೆ ಜನರಿರುವ ಟೆಕ್ಸಸ್ ಕೌಂಟಿಗಳಲ್ಲಿ ಶೆರಿಫ್‌ನೇ ತೆರಿಗೆ ವಸೂಲಿಯನ್ನೂ ಮಾಡಬಹುದು. ಕೌಂಟಿ ಜಡ್ಜ್ ಎಂದರೆ ಕಾನೂನು ಓದಿದವರೇ ಆಗಬೇಕೆಂದೂ ಇಲ್ಲ. ಆಡಳಿತ ಮಂಡಳಿಯ ಮುಖ್ಯಸ್ಥನ ಹುದ್ದೆ ಅದು. ನಮ್ಮಲ್ಲಿ 2017ರಲ್ಲಿ ಒಟ್ಟಿಗೇ 49 ಹೊಸ ತಾಲ್ಲೂಕು ಘೋಷಿಸಿದರಲ್ಲ, ಎಷ್ಟೋ ಕಡೆ ತಹಶೀಲ್ದಾರರ ಬೋರ್ಡ್ ಬಂದು ವರ್ಷಗಳಾದರೂ ಉಳಿದ ಇಲಾಖೆಗಳು ಬರಲಿಲ್ಲ. ಅಲ್ಲಿ ಕಚೇರಿಗಳೆಲ್ಲ ಇವೆ, ಜನ ಬರಲಿಲ್ಲ.

ಕುಡ್ಲದ ಕೃಷ್ಣಣ್ಣ:
ಶೆರಿಫ್ ಅಂದಾಗ ನೆನಪಾಯ್ತು, ಟೆಕ್ಸಸ್‌ನಲ್ಲಿ ಚುನಾಯಿತರಾದ ಮೊದಲ ಮಹಿಳಾ ಶೆರಿಫ್ ಇಲ್ಲಿಯವರೇ ಅಲ್ವಾ?

ಪ್ರೇರಿ ಪಾಂಡು:
ಹೌದು, ಎಡ್ನಾ ರೀಡ್ ಕ್ಲೇಟನ್ ಡ್ಯೂವೀಸ್. 1945ರಲ್ಲಿ ಮೊದಲು ನೇಮಕ ಆಗಿ, ಆಮೇಲೆ ಚುನಾವಣೆ ಗೆದ್ದವರು. ಬಂದೂಕು ಇಟ್ಟುಕೊಳ್ಳುತ್ತಿರಲಿಲ್ಲವಂತೆ. ಇಡೀ ಅವಧಿಯಲ್ಲಿ ಬಂಧಿಸಿದ್ದು ಇಬ್ಬರನ್ನು ಮಾತ್ರ ಅಂತಾರೆ. ಇನ್ನೂರು ಚಿಲ್ಲರೆ ಜನ, ಎಲ್ಲರ ಮನೆ ಕಥೆ ಎಲ್ಲರಿಗೂ ಗೊತ್ತು. ಕಳ್ಳತನ ಮಾಡಿ ಎಲ್ಲಿ ಬಚ್ಚಿಟ್ಕೋತೀರಾ?

ಗಣತಿಗಿತ್ತಿ:
ತಡವಾಗಿ ಬಂದೆ. ಎಲ್ಲರೂ 64 ಅನ್ನೋದನ್ನ ಕಲ್ಲಿನಲ್ಲಿ ಕೆತ್ತಿದ ಹಾಗೆ ಹೇಳ್ತಾ ಇದ್ದೀರಲ್ಲ, ಅದಕ್ಕೆ ತಕರಾರು ಇದೆ. ಸಂಖ್ಯಾಶಾಸ್ತ್ರ ನನ್ನ ಹೊಟ್ಟೆಪಾಡು, ಸ್ವಲ್ಪ ಸಹಿಸ್ಕೊಳ್ಳಿ.

2020ರ ಗಣತಿಯಲ್ಲಿ ಅಮೆರಿಕದವರು ಹೊಸ ಗೌಪ್ಯತಾ ಪದ್ಧತಿ ತಂದ್ರು. ಪ್ರಕಟಿಸೋ ಮುಂಚೆ ಅಂಕಿಗಳಿಗೆ ಬೇಕಂತಲೇ ಸಣ್ಣ ಏರುಪೇರು ಬೆರೆಸ್ತಾರೆ. ಕಾರಣ ಸುಲಭ: 22 ಜನರ ಊರಲ್ಲಿ "ಇಂಥ ವಯಸ್ಸು, ಇಂಥ ಜನಾಂಗ, ಒಬ್ಬರು" ಅಂತ ಹಾಕಿದ್ರೆ ಅದು ಯಾರು ಅಂತ ಊರಿಗೆಲ್ಲ ಗೊತ್ತಾಗುತ್ತೆ. ರಾಜ್ಯದ ಒಟ್ಟು ಜನಸಂಖ್ಯೆಯನ್ನ ಮಾತ್ರ ಮುಟ್ಟಲ್ಲ. ಅದರ ಕೆಳಗಿನ ಕೌಂಟಿ, ಊರು, ಬ್ಲಾಕ್ (ಗಣತಿಯ ಅತಿ ಚಿಕ್ಕ ಘಟಕ) ಎಲ್ಲಕ್ಕೂ ಈ ಬೆರಕೆ ಇದೆ. ಡಲ್ಲಾಸ್‌ನಂಥ ಕೌಂಟಿಯಲ್ಲಿ ಇದು ಲೆಕ್ಕಕ್ಕೇ ಬರಲ್ಲ. ಮೆಂಟೋನ್‌ನಲ್ಲಿ ಎರಡು ಮೂರು ಜನ ಹೆಚ್ಚು ಕಮ್ಮಿ ಅಂದ್ರೆ ಊರಿನ ಹತ್ತರಲ್ಲೊಂದು ಪಾಲು! ಹಾಗಾಗಿ 2010ರ 19, 2020ರ 22, "ಊರು ಬೆಳೆದಿದೆ" ಅಂತ ಯಾರಾದ್ರೂ ಬರೆದ್ರೆ ನಂಬಬೇಡಿ.

ಪ್ರೇರಿ ಪಾಂಡು:
ಹಾಗಾದ್ರೆ ಗ್ಯಾನ್ ವ್ಯಾಲಿ, ಬ್ರೂಸ್ಟರ್ ಹೋಲಿಕೆನೂ ಅರ್ಥ ಇಲ್ಲ ಅಂತೀರಾ ಮೇಡಂ?

ಗಣತಿಗಿತ್ತಿ:
ನೀವು ಹಾಕಿದ್ದು 2010ರ ಅಂಕಿ. ಆಗ ಈ ಪದ್ಧತಿ ಇರಲಿಲ್ಲ, ಬ್ಲಾಕ್ ಮಟ್ಟದ ಒಟ್ಟು ತಲೆಗಳನ್ನ ಹಾಗೇ ಕೊಡ್ತಿದ್ರು. ನಿಮ್ಮ ಹೋಲಿಕೆ ಬಚಾವ್.

ತುಂಗಾತೀರ:
ಅಂದ್ರೆ ಲವಿಂಗ್‌ನಲ್ಲಿ ನಿಜವಾಗಿ 64 ಜನ ಇಲ್ಲದೇ ಇರಬಹುದಾ?

ಗಣತಿಗಿತ್ತಿ:
70 ಇರಬಹುದು, 58 ಇರಬಹುದು. ಅದಕ್ಕಿಂತ ಮಜಾ ಮತದಾನದ ಲೆಕ್ಕದಲ್ಲಿದೆ. 2020ರ ಅಧ್ಯಕ್ಷ ಚುನಾವಣೆಯಲ್ಲಿ ಇಲ್ಲಿ ಟ್ರಂಪ್‌ಗೆ 60 ಮತ, ಬೈಡನ್‌ಗೆ 4. ಕೂಡಿಸಿ ನೋಡಿ. ಗಣತಿಯ 64ರಲ್ಲಿ ಮಕ್ಕಳೂ ಸೇರಿದ್ದಾರೆ ಅನ್ನೋದು ನೆನಪಿರಲಿ.

ಬಯಲುಸೀಮಿ ಬಸ್ಯಾ:
ಹಂಗಾರ ಕೂಸುಗಳೂ ಓಟ್ ಹಾಕ್ಯಾವ! 1893ರಾಗ ಶುರು ಮಾಡಿದ್ದ ಚಟ ಇನ್ನೂ ಬಿಟ್ಟಿಲ್ಲ ನೋಡ್ರಿ.

ಪೆಕೋಸ್ ಪುಟ್ಟಸ್ವಾಮಿ:
ಬಸಣ್ಣ, ಅಷ್ಟು ಸುಲಭಕ್ಕೆ ಕಳ್ಳ ಓಟು ಅನ್ನಬೇಡಿ. ಅಲ್ಲಿ ದನದ ಜಮೀನು ಇರೋ ಮನೆತನಗಳಿವೆ. ಮಕ್ಕಳ ಶಾಲೆಗೋ, ಕೆಲಸಕ್ಕೋ ಬೇರೆ ಕೌಂಟಿಯಲ್ಲಿ ಮನೆ ಮಾಡಿರ್ತಾರೆ. ಮನಸ್ಸು, ಜಮೀನು, ಓಟು ಎಲ್ಲಾ ಲವಿಂಗ್‌ನಲ್ಲೇ. ಟೆಕ್ಸಸ್ ಚುನಾವಣಾ ಕಾನೂನು ಪ್ರಕಾರ ತಾತ್ಕಾಲಿಕವಾಗಿ ಹೊರಗಿದ್ದು ವಾಪಸ್ ಬರೋ ಉದ್ದೇಶ ಇದ್ರೆ ಅದೇ ನಿಮ್ಮ ವಾಸಸ್ಥಳ. ಗಣತಿಯವರು ಕೇಳೋದು ವರ್ಷದಲ್ಲಿ ಹೆಚ್ಚು ದಿನ ಎಲ್ಲಿ ಮಲಗ್ತೀರಿ ಅಂತ. ಒಬ್ಬನೇ ಮನುಷ್ಯ ಎರಡು ಪಟ್ಟಿಯಲ್ಲಿ ಎರಡು ಊರಲ್ಲಿ ಇದ್ರೂ ಎರಡೂ ಕಾನೂನುಬದ್ಧ.

ಹಳೇ ದಫ್ತರ:
ವಾಪಸ್ ಬರುವ ಉದ್ದೇಶ! ಅದನ್ನು ಯಾವ ತಹಶೀಲ್ದಾರ ಬಂದು ಪಂಚನಾಮೆ ಮಾಡುತ್ತಾನೆ? ಪುಟ್ಟಸ್ವಾಮಿಯವರೇ, ನೀವು ಹೇಳುವುದು ಕಾನೂನಿನ ಪ್ರಕಾರ ಸರಿ. ಆದರೆ ಹತ್ತು ಮತದಲ್ಲಿ ಕಮಿಷನರ್ ಸ್ಥಾನ ಬದಲಾಗುವ ಕಡೆ, ಹಿಂದೆ ಅಷ್ಟೊಂದು ತೆರಿಗೆ ಹಣ ಇರುವ ಕಡೆ, ಈ ಸಡಿಲಿಕೆಯ ಅರ್ಥವೇ ಬೇರೆ. ಯಾರು ನಿಜವಾದ ನಿವಾಸಿ ಎಂಬ ಜಗಳ ಅಲ್ಲಿ ಕೋರ್ಟಿಗೂ ಹೋಗಿದೆ. ನೆಂಟರು ನೆಂಟರೇ ಎದುರುಬದುರು ಚುನಾವಣೆಗೆ ನಿಲ್ಲುವ ಊರು.

ಪೆಕೋಸ್ ಪುಟ್ಟಸ್ವಾಮಿ:
ಸರ್, ನಮ್ಮೂರಲ್ಲೂ ಬೆಂಗಳೂರಲ್ಲಿರೋರ ಹೆಸರು ಹಳ್ಳಿ ವೋಟರ್ ಲಿಸ್ಟಲ್ಲೇ ಇರುತ್ತೆ. ಪಂಚಾಯ್ತಿ ಚುನಾವಣೆಗೆ ಬಸ್ ಮಾಡಿ ಕರ್ಕೊಂಡು ಬರ್ತಾರೆ. ಅದಕ್ಕೇನಂತೀರಿ?

ಹಳೇ ದಫ್ತರ:
ಅದನ್ನೂ ಒಪ್ಪುವುದಿಲ್ಲ ಅಂತೀನಿ.

ಪ್ರೇರಿ ಪಾಂಡು:
ಇದೇ ಲೆಕ್ಕ ಹಾಕಿಕೊಂಡು 2005-06ರ ಸುಮಾರಿಗೆ ಒಂದು ಲಿಬರ್ಟೇರಿಯನ್ ಗುಂಪು (ಸರ್ಕಾರದ ಕೈ ಆದಷ್ಟು ಕಡಿಮೆ ಇರಬೇಕು ಅನ್ನೋರು) ಪ್ಲಾನ್ ಮಾಡಿತ್ತು. ನಮ್ಮ ಕಡೆಯವರು ಒಂದಷ್ಟು ಜನ ಅಲ್ಲಿ ಜಾಗ ತಗೊಂಡು ನೆಲೆಸಿದ್ರೆ ಸಾಕು, ಚುನಾವಣೆ ಗೆದ್ದು ಇಡೀ ಕೌಂಟಿ ನಮ್ಮದೇ ಅಂತ. ಸ್ಥಳೀಯರು ಗಟ್ಟಿಯಾಗಿ ನಿಂತರು, ಯೋಜನೆ ಠುಸ್.

ಬೆಂಗ್ಳೂರ್ ಬಾಬು:
ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಬಸ್ ಮಾಡ್ಕೊಂಡು ಹೋದ್ರೆ ಬಹುಮತ ಬಂದುಬಿಡುತ್ತೆ. ಮೈಂಟೆನೆನ್ಸ್ ಜಗಳ ಅಲ್ಲೇ ಇತ್ಯರ್ಥ.

ಪ್ಲೇನೋ ಪದ್ಮಕ್ಕ:
ನಂದೊಂದು ಅನುಮಾನ. ಅಷ್ಟೊಂದು ಲಾರಿ, ಅಷ್ಟೊಂದು ಕೆಲಸಗಾರರು. ಅವರೆಲ್ಲ ಎಲ್ಲೋ ಮಲಗಲೇಬೇಕಲ್ಲ. 64ರಲ್ಲಿ ಅವರು ಇಲ್ವಾ?

ಪೆಕೋಸ್ ಪುಟ್ಟಸ್ವಾಮಿ:
ಅದೇ ಅಕ್ಕ, ಎಲ್ಲರೂ ಮರೆಯೋ ಲೆಕ್ಕ. ಮ್ಯಾನ್‌ಕ್ಯಾಂಪ್ ಅಂತಿವೆ, ಸಾಲಾಗಿ ಜೋಡಿಸಿದ ಡಬ್ಬಿ ಕೋಣೆಗಳು, ಒಂದು ಊಟದ ಹಾಲ್. ಎರಡು ವಾರ ದುಡಿ, ಆಮೇಲೆ ಮನೆಗೆ ಹೋಗಿ ಬಾ, ಹೀಗೆ ಪಾಳಿ. ಲೂಸಿಯಾನಾದವರು, ಒಕ್ಲಹೋಮಾದವರು, ಗಡಿಯಾಚೆಯವರು. ಯಾವುದೇ ರಾತ್ರಿ ಎಣಿಸಿದ್ರೂ ಕೌಂಟಿಯ ನಿವಾಸಿಗಳಿಗಿಂತ ಇವರೇ ಎಷ್ಟೋ ಪಟ್ಟು ಜಾಸ್ತಿ. ಆದ್ರೆ ಗಣತಿಗೆ ಅವರು ಅವರವರ ಮನೆಯೂರಿನವರು. ಇವರಿಗೆ ಅಪಘಾತ ಆದ್ರೆ ಕೌಂಟಿಯಲ್ಲಿ ಆಸ್ಪತ್ರೆ ಇಲ್ಲ, ಪೆಕೋಸ್‌ಗೇ ಓಡಬೇಕು. ನಮ್ಮ ಸೈಟಿನ ಹುಡುಗ ಒಬ್ಬನ ಕೈ ಜಜ್ಜಿಹೋದಾಗ ಗಾಡಿಯಲ್ಲಿ ಕೂರಿಸ್ಕೊಂಡು ಹೊರಟ್ವಿ, ಲಾರಿ ಸಾಲು ಬಿಡಲ್ಲ, ಅವನು ಹಿಂದೆ ಕೂತು ನರಳ್ತಾ ಇದ್ದಾನೆ. ಜನಸಂಖ್ಯೆ 64 ಅಂತ ಬರೆದು ನಗೋರಿಗೆ ಆ ರಸ್ತೆ ತೋರಿಸಬೇಕು.

ಶಿರಸಿ ಸೀಮೆ:
ಪಾಪ. ಹುಡುಗ ಈಗ ಹೇಗಿದ್ದ?

ಪೆಕೋಸ್ ಪುಟ್ಟಸ್ವಾಮಿ:
ಬೆರಳು ಎರಡು ಹೋಯ್ತು. ಈಗ ಆಫೀಸ್ ಕೆಲಸದಲ್ಲಿದ್ದಾನೆ.

ಕುಡ್ಲದ ಕೃಷ್ಣಣ್ಣ:
ನಮ್ಮ ಕುದುರೆಮುಖ ನೆನಪಾಗ್ತದೆ. ಅಲ್ಲಿ ಕಬ್ಬಿಣದ ಅದಿರು ತೆಗೀಲಿಕ್ಕೆ ಕಂಪನಿ ಟೌನ್‌ಶಿಪ್ಪೇ ಕಟ್ಟಿತ್ತು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಎಲ್ಲ ಇತ್ತು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು, ಊರೂ ಖಾಲಿ ಆಯ್ತು. ನನ್ನ ಭಾವ ಅಲ್ಲೇ ಹುಟ್ಟಿ ಬೆಳೆದವರು. ಗಣಿ ನಿಂತ್ರೆ ಊರು ಸಾಯ್ತದೆ ಅಂತ ಗೊತ್ತಿತ್ತು. ಇಲ್ಲಿ ಗಣಿ ಭರ್ಜರಿ ನಡೀತಾ ಉಂಟು, ಆದ್ರೂ ಊರೇ ಹುಟ್ಲಿಲ್ಲ ಅಂದ್ರೆ ಇದೆಂಥದು ಮಾರಾಯ್ರೆ?

ಹಳೇ ದಫ್ತರ:
ಊರು ಹುಟ್ಟಿದರೆ ಮತದಾರರು ಹುಟ್ಟುತ್ತಾರಲ್ಲ. ಅಲ್ಲಿ ಜಮೀನೆಲ್ಲ ಕೆಲವೇ ಮನೆತನಗಳ ಕೈಯಲ್ಲಿದೆ. ಮನೆ ಕಟ್ಟಲು ನಿವೇಶನ ಮಾರುವವರೇ ಸಿಗುವುದಿಲ್ಲ. ಇದು ನನ್ನ ಊಹೆ ಅಂತಲೇ ತಿಳಿಯಿರಿ, ಆದರೆ ಸುಮ್ಮನೆ ಹೇಳುತ್ತಿಲ್ಲ.

ಪೆಕೋಸ್ ಪುಟ್ಟಸ್ವಾಮಿ:
ಅರ್ಧ ಒಪ್ತೀನಿ. ಇನ್ನರ್ಧ ಏನಂದ್ರೆ, ಉಪ್ಪುನೀರು, ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ಬಿಸಿಲು, ಶಾಲೆ ಇಲ್ಲ, ದಿನಸಿ ಅಂಗಡಿಗೆ ಅರ್ಧ ಗಂಟೆಗೂ ಮೇಲೆ ದಾರಿ. ನಿವೇಶನ ಪುಕ್ಕಟೆ ಕೊಟ್ರೂ ನನ್ನ ಹೆಂಡತಿ ಬರಲ್ಲ ಸರ್.

ನಿರ್ವಾಹಕರು:
ಚರ್ಚೆ ಚೆನ್ನಾಗಿದೆ. ಸೂಪಾ, ಕುದುರೆಮುಖದ ವಿಷಯ ಮುಂದುವರಿಸುವವರು ಹೊಸ ಎಳೆ ಶುರು ಮಾಡಿ, ಅದಕ್ಕೆ ಅದರದ್ದೇ ಜಾಗ ಬೇಕು. ಇನ್ನು ಅಮೆರಿಕದ ಪಕ್ಷಗಳ ಮೇಲೆ ವೈಯಕ್ತಿಕ ಟೀಕೆ ಮಾಡಿದ್ದ ಎರಡು ಪ್ರತಿಕ್ರಿಯೆ ತೆಗೆದಿದ್ದೇವೆ.

ಗಣತಿಗಿತ್ತಿ:
ಆಸಕ್ತಿ ಇದ್ದವರಿಗೆ ಒಂದು ಸುಳಿವು. ಅಮೆರಿಕದಲ್ಲಿ ಗಣತಿಯ ಮನೆಮನೆ ಹಾಳೆಗಳನ್ನ 72 ವರ್ಷ ಗುಟ್ಟಾಗಿಟ್ಟು ಆಮೇಲೆ ಬಿಡುಗಡೆ ಮಾಡ್ತಾರೆ. 1950ರ ಹಾಳೆಗಳು 2022ರ ಏಪ್ರಿಲ್‌ನಲ್ಲಿ ಹೊರಬಂದಿವೆ, ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತೆ. ಲವಿಂಗ್ ಕೌಂಟಿಯ 227 ಜನರೂ ಗಣತಿದಾರರ ಕೈಬರಹದಲ್ಲಿ ಇದ್ದಾರೆ. ಹೆಸರು, ವಯಸ್ಸು, ಹುಟ್ಟಿದ ರಾಜ್ಯ, ಕೆಲಸ ಎಲ್ಲಾ ಇದೆ. ದೊಡ್ಡ ಕೌಂಟಿ ಹಿಡಿದ್ರೆ ಜನ್ಮ ಸಾಲಲ್ಲ, ಇದನ್ನ ಪೂರ್ತಿ ಓದಿ ಮುಗಿಸಬಹುದು.

ತುಂಗಾತೀರ:
ಅದರಲ್ಲಿ ಎಣ್ಣೆ ಕೆಲಸದವರೆಷ್ಟು, ದನ ಸಾಕೋರೆಷ್ಟು ಅಂತ ವಿಂಗಡಿಸಿದ್ರೆ ಪುಟ್ಟಸ್ವಾಮಿ ಹೇಳಿದ ಕ್ಯಾಂಪ್ ಸಂಸಾರಗಳ ಕಥೆ ಸರಿಯಾ ಅಂತ ಗೊತ್ತಾಗುತ್ತಲ್ವಾ?

ಗಣತಿಗಿತ್ತಿ:
ಧಾರಾಳವಾಗಿ. ಉದ್ಯೋಗದ ಕಾಲಂ 14 ವರ್ಷ ಮೇಲ್ಪಟ್ಟವರಿಗೆ ಇದೆ. ಕೈಬರಹ ಮಾತ್ರ ಕೆಲವು ಹಾಳೆಯಲ್ಲಿ ಡಾಕ್ಟರ್ ಚೀಟಿ ಥರ ಇರುತ್ತೆ, ತಾಳ್ಮೆ ಬೇಕು. ಮಾಡೋದಾದ್ರೆ ನಾನೂ ಸೇರ್ತೀನಿ, ಹಾಳೆ ಹಂಚಿಕೊಳ್ಳೋಣ.

ಹಳೇ ದಫ್ತರ:
ಕೈಬರಹ ನನಗೆ ಬಿಡಿ. ಶಾನುಭೋಗರ ಮೋಡಿ ಅಕ್ಷರ ಓದಿದ ಕಣ್ಣು ಇದು.

ಬಯಲುಸೀಮಿ ಬಸ್ಯಾ:
ನನಗೂ ಒಂದು ಹಾಳಿ ಕೊಡ್ರಿ. ಆದ್ರ ದನದವರ ಮನಿ ಇರೋದ ಕೊಡ್ರಿ, ಎಣ್ಣಿ ಲೆಕ್ಕ ನಮಗ ತಿಳಿಯೂದಿಲ್ಲ.